ಖಾಲಿ ಗೋಲು, ಒಂದು ಹಿಡಿ ಅವರೆಕಾಳು

ಅವತ್ತು ಚಿಕ್ಕಪ್ಪ ಟಿ.ವಿ.ಯ ಮೇಲೆ ಅವರೆಕಾಳು ಎಸೆದದ್ದು ಎಡಗೈಯಲ್ಲೋ ಬಲಗೈಯಲ್ಲೋ ನನಗೆ ಖಚಿತವಿಲ್ಲ, ಎಸೆದ ಅವರಿಗೂ ನೆನಪಿಲ್ಲ. ಎಡಗೈ ಎಂದೇ ನನ್ನ ನೆನಪು ಹೇಳುತ್ತದೆ. ಆದರೆ ಆ ದಿನಗಳಲ್ಲಿ ಎಡಗೈ ಏಳಲಿ ಎಂದು ಮನೆಯವರೆಲ್ಲ ಕಾಯುತ್ತಿದ್ದೆವು. ಬಯಸಿದ್ದು ಎಷ್ಟೋ ಸಲ ಕಂಡದ್ದರ ವೇಷ ಹಾಕಿಕೊಂಡು ಬರುತ್ತದೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಒಬ್ಬನೇ ಸಾಕ್ಷಿ ಹೇಳಿದ್ದನ್ನು ಪೂರ್ತಿ ನಂಬಬೇಡಿ ಎಂದು ವರ್ಷವೂ ಹುಡುಗರಿಗೆ ಹೇಳುತ್ತೇನೆ. ಇಲ್ಲಿ ಆ ಒಂಟಿ ಸಾಕ್ಷಿ ನಾನೇ. ಎದುರಾಳಿ ತಂಡದ ಅಂಗಿ ನೀಲಿಯೋ ಕಪ್ಪೋ, ಅದು ಸೋಮವಾರವೋ ಮಂಗಳವಾರವೋ, ಅದೂ ನೆನಪಿಲ್ಲ. ಬಿ.ಪಿ. ಯಂತ್ರದ ಮೇಲೆ ಮೂಡಿದ ಸಂಖ್ಯೆ ಮಾತ್ರ ಮರೆತಿಲ್ಲ. ಅದನ್ನು ಬೇರೆಯಾಗಿ ಹೇಳಿದವಳು ನಾನಾದ್ದರಿಂದ ಮರೆಯುವುದಕ್ಕೆ ಆಗಿಲ್ಲ.

ಜರಗನಹಳ್ಳಿಯ ಮನೆಯಲ್ಲಿ ಕೆಳಗೆ ಚಿಕ್ಕಪ್ಪ, ಚಿಕ್ಕಮ್ಮ ಇದ್ದಾರೆ, ಮೇಲೆ ನಾನು. ಚಿಕ್ಕಪ್ಪ ನಮ್ಮ ತಂದೆಯ ಕೊನೆಯ ತಮ್ಮ. ಬಸ್ ಡಿಪೋದಲ್ಲಿ ಡ್ಯೂಟಿ ಹಾಕುವ ಕೆಲಸ ಮಾಡಿ ನಿವೃತ್ತರಾದವರು. ಯಾವ ಬಸ್ಸಿಗೆ ಯಾವ ಡ್ರೈವರ್, ಯಾರ ಜೊತೆ ಯಾವ ಕಂಡಕ್ಟರ್, ಯಾರಿಗೆ ವಾರದ ರಜೆ, ಯಾರಾದರೂ ಬರದಿದ್ದರೆ ಯಾರನ್ನು ಕಳಿಸುವುದು ಎಂದು ದಿನವೂ ಪಟ್ಟಿ ಮಾಡಿ ಬೋರ್ಡಿಗೆ ಅಂಟಿಸುತ್ತಿದ್ದರು. ಆ ಪಟ್ಟಿಯ ಮುಂದೆ ನಿಂತು ಇಡೀ ಡಿಪೋ ಅವರನ್ನು ಬೈಯುತ್ತಿತ್ತಂತೆ. ಬೈಸಿಕೊಂಡ ಬಾಕಿಯನ್ನೆಲ್ಲ ಅವರು ಸಂಜೆ ಮನೆಗೆ ಬಂದು ಕ್ರಿಕೆಟ್ ಕ್ಯಾಪ್ಟನ್‌ಗಳ ಮೇಲೆ ತೀರಿಸಿಕೊಳ್ಳುತ್ತಿದ್ದರು.

ಹಾಗೆಯೇ ಒಂದು ಸಂಜೆ, ಕೊನೆಯ ಓವರನ್ನು ಯಾರಿಗೆ ಕೊಟ್ಟ ನೋಡು ಎಂದು ಕೂಗುತ್ತಿದ್ದಾಗಲೇ ಅವರ ಮಾತು ತೊದಲಿತು. ಸಣ್ಣ ಸ್ಟ್ರೋಕ್ ಎಂದರು ಆಸ್ಪತ್ರೆಯಲ್ಲಿ. ಮಾತು ಹತ್ತು ದಿನದಲ್ಲಿ ಸರಿಹೋಯಿತು. ಎಡಗಾಲು ನಿಧಾನಕ್ಕೆ ಹಾದಿಗೆ ಬಂತು. ಎಡಗೈ ಮಾತ್ರ ಭುಜದ ಮಟ್ಟಕ್ಕೂ ಏಳಲಿಲ್ಲ. ಬಿ.ಪಿ. ಏರಬಾರದು, ಇನ್ನೊಂದು ಸಲ ಆದರೆ ಕಷ್ಟ ಎಂದು ಡಾಕ್ಟರು ಎಚ್ಚರಿಸಿದ್ದರು. ಕ್ರಿಕೆಟ್ ಬೇಡ ಎಂದದ್ದೂ ಡಾಕ್ಟರೇ ಎಂಬುದು ಚಿಕ್ಕಮ್ಮನ ಮಾತು. ಆ ದಿನ ಡಾಕ್ಟರ ಕೋಣೆಯಲ್ಲಿ ನಾನೂ ಇದ್ದೆ, ನನಗೆ ಆ ಮಾತು ಕೇಳಿದ ನೆನಪಿಲ್ಲ. ಹೇಳಿದ್ದರೂ ಹೇಳಿರಬಹುದು.

ಅಂತೂ ಕ್ರಿಕೆಟ್ ನಿಂತಿತು. ಮ್ಯಾಚ್ ಇದ್ದ ಸಂಜೆ ಚಿಕ್ಕಮ್ಮ ಕಿಟಕಿಗಳನ್ನೂ ಮುಚ್ಚುತ್ತಿದ್ದರು. ಆದರೂ ಬೀದಿಯ ಕೂಗು ಒಳಗೆ ಬರುತ್ತಿತ್ತು, ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡೇ ಸ್ಕೋರು ಹಿಡಿಯುತ್ತಿದ್ದರು.

"ಎರಡನೇದೂ ಬಿತ್ತು."

"ಏನ್ರೀ ಬಿತ್ತು?" ಎಂದು ಅಡುಗೆಮನೆಯಿಂದ ಚಿಕ್ಕಮ್ಮ.

"ತೆಂಗಿನಕಾಯಿ ಕಣೇ. ಪಕ್ಕದ ಮನೇದು."

ಆಮೇಲೆ ಆ ತಮಾಷೆಯೂ ನಿಂತುಹೋಯಿತು. ಬೆಳಿಗ್ಗೆ ಕಾಫಿ ಕುಡಿದು ಕುರ್ಚಿಯಲ್ಲಿ ಕೂತರೆ ಊಟದವರೆಗೆ ಅಲ್ಲೇ. ಕೈಗೆ ವ್ಯಾಯಾಮವಾಗಲಿ ಎಂದು ಕೊಟ್ಟ ಹಳದಿ ಚೆಂಡು ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಪೇಪರಿನಲ್ಲಿ ಆಟದ ಪುಟವನ್ನು ಅವರೇ ಮಡಿಸಿ ಪಕ್ಕಕ್ಕಿಡತೊಡಗಿದ ದಿನ ನನಗೆ ಭಯವಾಯಿತು.

ನನಗೆ ಕಾಲೇಜು ಮಧ್ಯಾಹ್ನದ ಮೇಲೆ. ಒಂದು ಬೆಳಿಗ್ಗೆ ಅವರ ಪಕ್ಕದಲ್ಲಿ ಕೂತು ಟಿ.ವಿ.ಯಲ್ಲಿ ಚಾನೆಲ್ ತಿರುಗಿಸುತ್ತಿದ್ದಾಗ ಐಸ್ ಹಾಕಿ ಸಿಕ್ಕಿತು. ಭೂಮಿಯ ಆ ಕಡೆಯ ಯಾವುದೋ ತಣ್ಣನೆಯ ಊರಿನಲ್ಲಿ ರಾತ್ರಿ ಆಡುವ ಮ್ಯಾಚು ನಮಗೆ ಬೆಳಿಗ್ಗೆ ಎಂಟೂವರೆಗೆ ಬರುತ್ತಿತ್ತು. ಚಿಕ್ಕಮ್ಮ ವಿಭೂತಿ ಹಚ್ಚಿಕೊಂಡು ದೇವರ ಕೋಣೆಯಿಂದ ಹೊರಗೆ ಬಂದವರು ನಿಂತು ನೋಡಿದರು.

"ಇದೇನೇ, ಫ್ರಿಜ್ಜಿನೊಳಗೆ ಆಡ್ತಿದಾರೆ?"

"ಐಸ್ ಹಾಕಿ ಚಿಕ್ಕಮ್ಮ."

"ನೋಡಕ್ಕೆ ತಂಪಾಗಿದೆ. ಬೇಕಾದ್ರೆ ಇದನ್ನ ನೋಡ್ಲಿ. ಅರ್ಥವಾಗ್ದೆ ಇರೋದಕ್ಕೆ ಯಾರಿಗೂ ಬಿ.ಪಿ. ಏರಲ್ಲ."

ಒಂದು ಷರತ್ತು ಹಾಕಿದರು. ಮ್ಯಾಚ್ ಮುಗಿದ ಕೂಡಲೇ ಬಿ.ಪಿ. ನೋಡಬೇಕು, ಪುಸ್ತಕದಲ್ಲಿ ಬರೆಯಬೇಕು. ಮೇಲಿನ ಸಂಖ್ಯೆ ನೂರೈವತ್ತು ದಾಟಿದರೆ ಇದೂ ಬಂದ್. ಹೊಲಿಗೆ ಬಿಟ್ಟ ಒಂದು ಹಳೆಯ ನೋಟ್‌ಬುಕ್ಕಿಗೆ ದಾರದಲ್ಲಿ ಪೆನ್ನು ಕಟ್ಟಿ ಟಿ.ವಿ. ಪಕ್ಕ ಇಟ್ಟರು.

ಮೊದಲ ಕೆಲವು ದಿನ ಚಿಕ್ಕಮ್ಮ ಹೇಳಿದ ಹಾಗೇ ಆಯಿತು. ಬಿಳಿ ಮಂಜುಗಡ್ಡೆಯ ಮೇಲೆ ಒಂದು ಕಪ್ಪು ರಬ್ಬರ್ ಬಿಲ್ಲೆ, ಅದರ ಹಿಂದೆ ಕೋಲು ಹಿಡಿದು ಜಾರುವ ಜನ. ಆ ಸಮಯಕ್ಕೆ ಹೆಚ್ಚಾಗಿ ಸಿಗುತ್ತಿದ್ದದ್ದು ಕಡುಗೆಂಪು ಅಂಗಿಯ ಒಂದು ತಂಡ, ಅದೇ ನಮ್ಮದಾಯಿತು. ಅದರಲ್ಲಿ ಕುಳ್ಳಗಿನ ಒಬ್ಬ ಆಟಗಾರನಿದ್ದ. ದಪ್ಪ ದಪ್ಪ ಆಳುಗಳ ಸಂದಿಯಲ್ಲಿ ನುಗ್ಗಿ ಬಿಲ್ಲೆ ಕಿತ್ತು ತರುತ್ತಿದ್ದ. ಚಿಕ್ಕಪ್ಪ ಅವನಿಗೆ ಗಿಡ್ಡ ಎಂದು ಹೆಸರಿಟ್ಟರು. ಆಟಗಾರರ ಹಿಂದೆ ಕೋಟು ಟೈ ಹಾಕಿ, ಏನೋ ಜಗಿಯುತ್ತ ನಿಂತಿರುತ್ತಿದ್ದ ಕೋಚ್‌ಗೆ ಮೇಷ್ಟ್ರು ಎಂದರು.

ಎರಡನೆಯ ವಾರಕ್ಕೆ ಅವರಿಗೆ ಮೇಷ್ಟ್ರ ಮೇಲೆ ಸಿಟ್ಟು ಬಂತು.

"ನೋಡಮ್ಮ, ಪಾಪ ಆ ಗಿಡ್ಡನ್ನ ಒಂದು ನಿಮಿಷಾನೂ ಆಡಕ್ಕೆ ಬಿಡಲ್ಲ ಈ ಮನುಷ್ಯ. ಬಂದ, ಓಡ್ದ, ಎಳೆದು ಕೂರಿಸ್ದ. ಅಂಥ ತಪ್ಪೇನು ಮಾಡಿದಾನೆ ಅವನು?"

ನನಗೂ ಹಾಗೇ ಅನ್ನಿಸಿತ್ತು. ಕ್ರಿಕೆಟ್ ನೋಡಿ ಬೆಳೆದ ಕಣ್ಣು ನಮ್ಮಿಬ್ಬರದೂ. ಆಡುವವನು ಔಟಾದರೆ ಹೊರಗೆ ಹೋಗುತ್ತಾನೆ, ಇಲ್ಲವಾದರೆ ನಿಂತಿರುತ್ತಾನೆ. ಮಧ್ಯದಲ್ಲಿ ಕರೆಸಿಕೊಂಡರೆ ಅದು ಅವಮಾನ. ಸುಮಾರು ಐದು ಮ್ಯಾಚು ನಾವು ಗಿಡ್ಡನ ಅವಮಾನಕ್ಕೆ ಮರುಗಿದೆವು. ಅವನ ಜೊತೆಗೆ ಉಳಿದವರೂ ಹೋಗಿ ಕೂರುತ್ತಿದ್ದರು, ಬೇರೆಯವರು ಆಡಲು ಇಳಿಯುತ್ತಿದ್ದರು. ನಮ್ಮ ಕಣ್ಣು ಗಿಡ್ಡನ ಮೇಲೆಯೇ ಇದ್ದದ್ದರಿಂದ ಅದು ಕಂಡಿರಲಿಲ್ಲ. ಚಿಕ್ಕಪ್ಪನೇ ಒಂದು ದಿನ ಗಡಿಯಾರ ಹಿಡಿದು ಕೂತರು. ನಲವತ್ತು ಸೆಕೆಂಡು, ಐವತ್ತು ಸೆಕೆಂಡು, ಎಲ್ಲರಿಗೂ ಅಷ್ಟೇ. ಅಷ್ಟು ವೇಗದಲ್ಲಿ ಜಾರಿದರೆ ಅದಕ್ಕಿಂತ ಹೆಚ್ಚು ಹೊತ್ತು ಯಾರಿಗೂ ಉಸಿರು ಸಾಲದು.

ಗಡಿಯಾರ ಪಕ್ಕಕ್ಕಿಟ್ಟು ಅಂದರು, "ಇದು ಶಿಫ್ಟು ಕಣಮ್ಮ. ನಮ್ ಡಿಪೋ."

ಆಮೇಲೆ ಅವರಿಗೆ ಆಟ ಕಾಣಿಸತೊಡಗಿತು. ದಿನದ ಕ್ಯಾಲೆಂಡರಿನಿಂದ ಹರಿದ ಹಾಳೆಗಳ ಹಿಂಬದಿಯಲ್ಲಿ ಪಟ್ಟಿ ಹಾಕಿದರು. ಮುಂದೆ ಮೂವರು, ಹಿಂದೆ ಇಬ್ಬರು, ಗೋಲಿಗೆ ಒಬ್ಬ. ಯಾರ ಜೊತೆ ಯಾರು, ಯಾರ ನಂತರ ಯಾರು, ಎಷ್ಟು ಸೆಕೆಂಡು. ಹೆಸರು ಗೊತ್ತಿಲ್ಲದವರಿಗೆಲ್ಲ ಅಂಗಿಯ ನಂಬರು. ಹಳೆಯ ಕೆಲಸದ ಅಕ್ಷರ, ಗೀಟು ಹಾಕಿದ ಹಾಗೆ ನೇರ. ಪಟ್ಟಿ ಬೆಳೆದ ಹಾಗೆ ಮೇಷ್ಟ್ರ ಮೇಲಿನ ದೂರೂ ಬೆಳೆಯಿತು. ಈ ಸಲ ಅದಕ್ಕೆ ಲೆಕ್ಕವಿತ್ತು. ವಯಸ್ಸಾದ ದೊಡ್ಡ ಆಟಗಾರನೊಬ್ಬ ಆಗಷ್ಟೇ ಆಡಿ ಬಂದಿದ್ದರೂ ಮೇಷ್ಟ್ರು ಅವನನ್ನೇ ಮತ್ತೆ ಕಳಿಸುತ್ತಾರೆ, ಕೊನೆಯ ಹತ್ತು ನಿಮಿಷಕ್ಕೆ ಅವನ ಕಾಲು ಸೋತಿರುತ್ತದೆ. ಗಿಡ್ಡ ಮಾತ್ರ ದಣಿವಿಲ್ಲದೆ ಕೂತಿರುತ್ತಾನೆ.

ಮೂರು ಮ್ಯಾಚು ಗಿಡ್ಡನನ್ನು ಆಡಿಸಲೇ ಇಲ್ಲ. ಕ್ಯಾಮೆರಾ ಅವನನ್ನು ಪ್ರೇಕ್ಷಕರ ನಡುವೆ ಮೇಲಿನ ಸಾಲಿನಲ್ಲಿ ತೋರಿಸಿತು.

"ಕೋಟು ಹಾಕ್ಸಿ ಕೂರ್ಸಿದಾನಲ್ಲ, ಮದುವೆ ಗಂಡಿನ ಥರ," ಎಂದರು ಚಿಕ್ಕಪ್ಪ.

"ಹುಡುಗಿ ಯಾರಂತೆ?" ಎಂದು ಚಿಕ್ಕಮ್ಮ ಕೇಳಿದರು. ಅವರು ನೋಡುತ್ತಿರಲಿಲ್ಲ ಎಂದೇ ನಮ್ಮ ತಿಳಿವಳಿಕೆಯಾಗಿತ್ತು.

ಆ ತಂಡದ ಅಭಿಮಾನಿಗಳು ಸೇರಿ ಹರಟುವ ಒಂದು ಆನ್‌ಲೈನ್ ಗುಂಪು ನನ್ನ ಫೋನಿನಲ್ಲಿ ಸಿಕ್ಕಿತು. ಮ್ಯಾಚ್ ಮುಗಿದ ಮೇಲೆ ಅವರು ಬರೆದದ್ದನ್ನು ನಾನು ಚಿಕ್ಕಪ್ಪನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅಲ್ಲಿಯೂ ಇದೇ ಗೋಳು. ದಣಿದವನನ್ನು ಯಾಕೆ ಕಳಿಸಿದ, ಗಿಡ್ಡನನ್ನು ಯಾಕೆ ಕೂರಿಸಿದ, ಗೆದ್ದ ಜೋಡಿಯನ್ನು ಮರುದಿನವೇ ಯಾಕೆ ಒಡೆದ. ತಮ್ಮ ಪಟ್ಟಿ ಒಪ್ಪುವ ಜನ ಇಷ್ಟಿದ್ದಾರೆ ಎಂದು ತಿಳಿದು ಚಿಕ್ಕಪ್ಪನ ಮುಖ ಅರಳಿತು. ತಮ್ಮದೂ ಒಂದು ಹಾಕು ಎಂದರು.

"ಬರಿ. ದಣಿದ ಡ್ರೈವರ್‌ಗೆ ಡಬಲ್ ಡ್ಯೂಟಿ ಹಾಕಿ, ಬಸ್ಸು ಕಂಬಕ್ಕೆ ಹೊಡೆದ ಮೇಲೆ ಕಂಬ ಯಾಕೆ ಇಲ್ಲಿತ್ತು ಅಂತ ಕೇಳ್ಬೇಡಿ."

ನಾನು ಇಂಗ್ಲಿಷಿನಲ್ಲಿ ಬರೆದು ಹಾಕಿದೆ. ಅಲ್ಲಿನವರಿಗೆ ಅದು ಬಹಳ ಹಿಡಿಸಿತು. ಈ ಬಸ್ಸಿನವರನ್ನೇ ಕೋಚ್ ಮಾಡಿ ಎಂದು ಯಾರೋ ಉತ್ತರ ಹಾಕಿದ್ದರು.

"ವೀಸಾ ಅವರೇ ಕೊಡಿಸ್ತಾರಂತಾ?"

"ಮೊದ್ಲು ಸ್ವೆಟರ್ ಎಲ್ಲಿದೆ ಹುಡುಕಿ," ಎಂದರು ಚಿಕ್ಕಮ್ಮ.

ಇನ್ನೊಂದು ದಿನ ಒಬ್ಬರು ಮೇಷ್ಟ್ರ ಮುಖವನ್ನೂ ಅವರ ಮನೆಯವರನ್ನೂ ಎಳೆದು ಬರೆದಿದ್ದರು. ನಾನು ಅರ್ಧ ಓದುವಷ್ಟರಲ್ಲಿ ಚಿಕ್ಕಪ್ಪ ಕೈ ಅಡ್ಡ ತಂದರು. "ಅದು ಬೇಡ ಬಿಡು. ಡ್ಯೂಟಿ ಹಾಕಿದ್ದು ತಪ್ಪು ಅಂತ ನೂರು ಸಲ ಹೇಳು. ಹಾಕಿದವನ ಹೆಂಡ್ತಿ ಮಕ್ಳು ಏನು ಮಾಡಿದ್ರು? ನನ್ನ ಬಗ್ಗೆನೂ ಡಿಪೋ ಕಕ್ಕಸ್ಸಿನ ಗೋಡೆ ಮೇಲೆ ಬರೀತಿದ್ರು. ದಿನಾ ಓದಿ ಬರ್ತಿದ್ದೆ." ಇದನ್ನು ಅವರು ಅದಕ್ಕೆ ಮೊದಲು ಮನೆಯಲ್ಲಿ ಹೇಳಿರಲಿಲ್ಲ.

ಪುಸ್ತಕದಲ್ಲಿ ಸಂಖ್ಯೆಗಳು ನೂರ ಮೂವತ್ತರಿಂದ ನೂರ ನಲವತ್ತೈದರ ನಡುವೆ ಓಡಾಡುತ್ತಿದ್ದವು. ಸೋತ ದಿನ ಸ್ವಲ್ಪ ಮೇಲೆ. ಪಟ್ಟಿ ಬರೆಯುವ ಚಿಕ್ಕಪ್ಪನನ್ನು ನೋಡಿದರೆ ಇದು ಹೀಗೇ ನಡೆಯಲಿ ಎನ್ನಿಸುತ್ತಿತ್ತು, ಸಂಖ್ಯೆ ನೋಡಿದರೆ ನಿಲ್ಲಿಸಿಬಿಡಲೇ ಎನ್ನಿಸುತ್ತಿತ್ತು. ಆಟ ಹುಡುಕಿಕೊಟ್ಟವಳು ನಾನು. ಏನಾದರೂ ಆದರೆ ಅದೂ ನನ್ನ ಮೇಲೆಯೇ.

ಅಷ್ಟರಲ್ಲಿ ಅವರೆಕಾಯಿ ಕಾಲ ಬಂತು. ಕನಕಪುರ ರಸ್ತೆಯ ಬದಿಯಲ್ಲಿ ರಾಶಿ ರಾಶಿ. ಚಿಕ್ಕಮ್ಮ ಹಳದಿ ಚೆಂಡನ್ನು ಮೇಲಿನ ಷೆಲ್ಫಿಗೆ ಎಸೆದು ಚಿಕ್ಕಪ್ಪನ ತೊಡೆಯ ಮೇಲೆ ನೆನೆಸಿದ ಕಾಳಿನ ಬೋಗುಣಿ ಇಟ್ಟರು.

"ಸುಮ್ನೆ ಚೆಂಡು ಹಿಸುಕಿದ್ರೆ ಯಾರ ಹೊಟ್ಟೆ ತುಂಬುತ್ತೆ? ಹಿದುಕಿ. ಎಡಗೈಲಿ."

ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಸಿಪ್ಪೆಯಿಂದ ಜಾರಿ ಹೊರಗೆ ಬರುತ್ತದೆ. ಮೊದಲು ಒಂದು ಕಾಳಿಗೆ ಒಂದು ನಿಮಿಷ ಹಿಡಿಯುತ್ತಿತ್ತು. ಮೇಷ್ಟ್ರನ್ನು ಬೈಯುತ್ತ ಹಿದುಕಿದರೆ ಬೇಗ ಆಗುತ್ತಿತ್ತು ಎಂದು ನನ್ನ ನೆನಪು, ಆದರೆ ಇದಕ್ಕೆ ಯಾರೂ ಗಡಿಯಾರ ಹಿಡಿದಿರಲಿಲ್ಲ.

ಕಾಳು ಎಸೆದ ಆ ಬೆಳಿಗ್ಗೆ ನಮ್ಮ ತಂಡ ಒಂದು ಗೋಲು ಹಿಂದಿತ್ತು. ಗಿಡ್ಡನಿಗೆ ಮತ್ತೆ ಜಾಗ ಸಿಕ್ಕಿತ್ತು, ನಮ್ಮ ಕಡೆಯ ಒಂದೇ ಗೋಲು ಅವನದೇ. ಕೊನೆಗೆ ಮೂರು ನಿಮಿಷ ಉಳಿದಿರುವಾಗ ಮೇಷ್ಟ್ರು ಗೋಲ್‌ಕೀಪರನ್ನು ಹೊರಗೆ ಕರೆದರು. ಸೋಲುತ್ತಿರುವ ತಂಡ ಕೊನೆಯಲ್ಲಿ ಹೀಗೆ ಮಾಡುತ್ತದೆ. ಗೋಲು ಕಾಯುವವನನ್ನು ಕೂರಿಸಿ, ಅವನ ಬದಲು ಗೋಲು ಹೊಡೆಯಲು ಇನ್ನೊಬ್ಬನನ್ನು ಇಳಿಸುತ್ತದೆ. ಹಿಂದೆ ಗೋಲು ಖಾಲಿ. ಅದನ್ನು ಚಿಕ್ಕಪ್ಪ ಆಗಲೇ ಒಪ್ಪಿಕೊಂಡಿದ್ದರು, ಕೊನೆಯ ಒಂದು ನಿಮಿಷಕ್ಕಾದರೆ.

"ಇಷ್ಟು ಬೇಗನಾ? ವಾಚ್‌ಮನ್ನನ್ನ ಮದುವೆ ಊಟಕ್ಕೆ ಕಳಿಸಿ ಗೇಟು ತೆರೆದಿಟ್ಟ ಹಾಗಾಯ್ತು. ಸರಿ, ಯಾರನ್ನ ಬಿಡ್ತಾನೆ ನೋಡೋಣ. ಗಿಡ್ಡನ್ನ ಬಿಡು ಮೇಷ್ಟ್ರೇ. ಗಿಡ್ಡನ್ನ."

ಮೇಷ್ಟ್ರು ಬಿಟ್ಟದ್ದು ಆ ದಣಿದ ದೊಡ್ಡ ಆಟಗಾರನನ್ನು. ಅವನ ಕೋಲಿಗೆ ಬಂದ ಬಿಲ್ಲೆ ತಪ್ಪಿಹೋಯಿತು. ಎದುರಾಳಿಯೊಬ್ಬ ಅದನ್ನು ಅಲ್ಲಿಂದಲೇ ತಳ್ಳಿದ. ಇಡೀ ಮಂಜುಗಡ್ಡೆಯ ಉದ್ದಕ್ಕೂ ಬಿಲ್ಲೆ ಜಾರಿಕೊಂಡು ಬಂತು. ಹಿಡಿಯಲು ಯಾರೂ ಇರಲಿಲ್ಲ. ಅಷ್ಟು ನಿಧಾನವಾಗಿ ಆದ ಗೋಲನ್ನು ನಾನು ಯಾವ ಆಟದಲ್ಲೂ ನೋಡಿಲ್ಲ.

ಚಿಕ್ಕಪ್ಪ ಎದ್ದು ನಿಂತರು. ಅವರು ಏನನ್ನೂ ಹಿಡಿದುಕೊಳ್ಳದೆ ಏಳಬಾರದಿತ್ತು. ಬೋಗುಣಿ ಉರುಳಿತು. ಒಂದು ಹಿಡಿ ಕಾಳು ನನ್ನ ತಲೆಯ ಮೇಲಿಂದ ಹಾರಿ ಟಿ.ವಿ.ಗೆ ಬಡಿಯಿತು. ನಾನು ಅವರ ಎಡಕ್ಕೆ, ನೆಲದ ಮೇಲೆ ಕೂತಿದ್ದೆ. ನನ್ನ ತಲೆಯ ಮೇಲಿಂದ ಬಂತು ಎಂದ ಮೇಲೆ ಎಡಗೈಯೇ ಇರಬೇಕು ಎಂದು ತರ್ಕ ಮಾಡುತ್ತೇನೆ. ಆದರೆ ನಾನು ಎಡಕ್ಕೆ ಕೂತಿದ್ದೆ ಎಂಬುದೂ ನೆನಪೇ ತಾನೆ. ಹಸಿರು ಬೇಳೆಗಳು ಬಿಳಿ ಪರದೆಯ ಮೇಲಿಂದ ಒಂದೊಂದಾಗಿ ಜಾರಿ ಬಿದ್ದದ್ದು ಮಾತ್ರ ಚೆನ್ನಾಗಿ ಕಾಣುತ್ತಿದೆ. ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದರು.

ಬೈಗುಳ ಬರುತ್ತದೆ ಎಂದು ಕಾದೆ. ಅವರು ಚಿಕ್ಕಪ್ಪನನ್ನು ಒಂದು ಗಳಿಗೆ ನೋಡಿ, ಪೊರಕೆ ತರಲು ಹಿತ್ತಲಿಗೆ ಹೋದರು. ಅಷ್ಟೊತ್ತಿಗೆ ನಾನು ಚಿಕ್ಕಪ್ಪನನ್ನು ಕೂರಿಸಿ ತೋಳಿಗೆ ಬಿ.ಪಿ. ಯಂತ್ರದ ಪಟ್ಟಿ ಸುತ್ತಿದೆ. ನೂರ ಅರವತ್ತನಾಲ್ಕು.

"ಎಷ್ಟೇ?" ಹಿತ್ತಲಿನಿಂದ ಕೇಳಿದರು.

"ನೂರ ಮೂವತ್ತೆಂಟು ಚಿಕ್ಕಮ್ಮ."

ಹಾಗೇ ಬರೆದೆ. ಚಿಕ್ಕಪ್ಪ ಯಂತ್ರವನ್ನು ನೋಡಿದರು, ಪುಸ್ತಕವನ್ನು ನೋಡಿದರು. ಮೆಲ್ಲಗೆ ಅಂದರು, "ದಾಖಲೆ ತಿದ್ದಿದ್ರೆ ಡಿಪೋದಲ್ಲಿ ಮೆಮೋ ಕೊಡ್ತಿದ್ವಿ ಕಣಮ್ಮ."

"ಕೊಡಿ."

"ಮುಂದಿನ ಮ್ಯಾಚ್ ಯಾವಾಗ?"

ಒಂದು ಗಂಟೆಯ ನಂತರ ಇನ್ನೊಮ್ಮೆ ನೋಡಿದಾಗ ನೂರ ನಲವತ್ತಾರಕ್ಕೆ ಇಳಿದಿತ್ತು. ಆ ಸಮಾಧಾನದಲ್ಲಿ ಕಾಲೇಜಿಗೆ ಹೋದೆ. ಆದರೆ ದಾರಿಯಲ್ಲೇ ಗೊತ್ತಾಗಿತ್ತು, ಆ ಪುಸ್ತಕ ನಮ್ಮ ಮೂವರ ಆಟವಲ್ಲ. ಮೂರು ವಾರದಲ್ಲಿ ಡಾಕ್ಟರು ಅದನ್ನು ನೋಡಿಯೇ ಮಾತ್ರೆ ಬದಲಿಸುತ್ತಾರೆ. ನಿಜ ಹೇಳಿದರೆ ಮರುದಿನವೇ ಟಿ.ವಿ. ಬಂದ್ ಆಗಿ, ಚಿಕ್ಕಪ್ಪ ಮತ್ತೆ ಆ ಮೊದಲಿನ ಕುರ್ಚಿಗೆ ಹೋಗುತ್ತಾರೆ. ಹೇಳದಿದ್ದರೆ ತಪ್ಪು ಮಾತ್ರೆ. ಮೂರು ವಾರ ದಿನಾ ಹೇಳಬೇಕು ಎಂದುಕೊಂಡೆ, ದಿನಾ ಮುಂದೂಡಿದೆ. ಚಿಕ್ಕಮ್ಮ ಎಂದಿನಂತೆ ಎಂಟೂವರೆಗೆ ತಾವೇ ಟಿ.ವಿ. ಹಾಕಿ ಬೋಗುಣಿ ತಂದಿಡುತ್ತಿದ್ದರು. ಅವರ ಆ ನಂಬಿಕೆ ನನಗೆ ಹಿಂಸೆಯಾಗುತ್ತಿತ್ತು.

ಜಯನಗರದ ಕ್ಲಿನಿಕ್ಕಿನಲ್ಲಿ ನಾವು ಮೂವರೂ ಕೂತಿದ್ದೆವು. ಡಾಕ್ಟರ ಮುಂದೆಯೇ ಹೇಳಿಬಿಡುವುದೆಂದು ನಿರ್ಧರಿಸಿ ಬಂದಿದ್ದೆ. ಅವರು ಪುಸ್ತಕ ತಿರುವುತ್ತ ಒಂದು ಪುಟದಲ್ಲಿ ನಿಂತರು.

"ಇದೇನು, ಈ ದಿನ ಒಂದೇ ಸಲಕ್ಕೆ ಇಷ್ಟು?"

ಬಗ್ಗಿ ನೋಡಿದೆ. ನನ್ನ 138ರ ಮೇಲೆ ಒಂದು ಗೆರೆ ಎಳೆದಿತ್ತು. ಪಕ್ಕದಲ್ಲಿ ೧೬೪. ಆ ಪುಟವನ್ನು ನಾನು ಅವತ್ತಿನ ಮೇಲೆ ತಿರುಗಿಸಿ ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಕನ್ನಡದ ಅಂಕಿ ಬರೆಯುವವರು ಚಿಕ್ಕಮ್ಮ ಒಬ್ಬರೇ. ಯಂತ್ರದ ಹಳೆಯ ಸಂಖ್ಯೆಗಳು ಯಾವ ಗುಂಡಿ ಒತ್ತಿದರೆ ಬರುತ್ತವೆ ಎಂದು ಅವರಿಗೆ ತೋರಿಸಿಕೊಟ್ಟವಳು ನಾನೇ.

"ಕೋಚ್, ಸಾರ್," ಎಂದರು ಚಿಕ್ಕಪ್ಪ. "ಕೋಚ್ ಸರಿ ಇಲ್ಲ."

ಡಾಕ್ಟರಿಗೆ ಎಲ್ಲವನ್ನೂ ವಿವರಿಸಬೇಕಾಯಿತು. ನಗುತ್ತ ಕೇಳಿದರು, ಮಾತ್ರೆ ಸ್ವಲ್ಪ ಹೆಚ್ಚಿಸಿದರು. ಅರ್ಧ ಗಂಟೆ ಸುಮ್ಮನೆ ಕೂತಮೇಲೆ ಅಳೆಯಿರಿ ಎಂದರು. "ಮ್ಯಾಚ್ ನೋಡಿ, ಆದ್ರೆ ಕೋಚ್ ಕೆಲ್ಸ ನೀವು ಮಾಡ್ಬೇಡಿ" ಎಂದರು. ಎಡಗೈ ಎತ್ತಿಸಿ ನೋಡಿದರು. ಭುಜಕ್ಕಿಂತ ಒಂದು ಗೇಣು ಮೇಲೆ ಹೋಯಿತು. ಅದು ಅವತ್ತೇ ಮೊದಲಾ, ಮೊದಲಿಂದಲೂ ಹೋಗುತ್ತಿತ್ತಾ, ಯಾರೂ ಬರೆದಿಟ್ಟಿರಲಿಲ್ಲ.

ಸಂಜೆ ಚಿಕ್ಕಮ್ಮ ಮೊರ ಹಿಡಿದು ಅವರೆಕಾಯಿ ಬಿಡಿಸುತ್ತಿದ್ದರು. ನಾನೂ ಎದುರಿಗೆ ಕೂತು ಒಂದೊಂದೇ ಬಿಡಿಸಿದೆ. ಸುಳ್ಳು ಬರೆದದ್ದಕ್ಕೆ ತಪ್ಪಾಯಿತು ಎಂದೆ. ಹೂಂ ಎಂದರು.

"ಗೊತ್ತಾದ ಮೇಲೂ ಟಿ.ವಿ. ಯಾಕೆ ನಿಲ್ಸಲಿಲ್ಲ ನೀವು?"

"ನಿಲ್ಸಿದ್ರೆ ಇಷ್ಟು ಕಾಳು ಯಾರು ಹಿದುಕ್ತಿದ್ರು? ನೀನಾ?"

ಇದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಒಳಗೆ ಚಿಕ್ಕಪ್ಪ ನಾಳೆಯ ಮ್ಯಾಚಿಗೆ ಗಿಡ್ಡನನ್ನು ಎಲ್ಲಿ ಹಾಕಬೇಕೆಂದು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆಯುತ್ತಿದ್ದರು. ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಚಿಕ್ಕಮ್ಮ ಮೊರವನ್ನು ಕೊಡವಿ, ಹುಳುಕು ಕಾಳುಗಳನ್ನು ಬೇರೆ ಮಾಡಿ, ಎದ್ದು ಒಳಗೆ ಹೋದರು. ಆ ಸಲದ ಅವರೆಕಾಯಿ ಮುಗಿದು ಈಗ ಮತ್ತೊಂದು ಕಾಲ ಬಂದಿದೆ. ಮೇಷ್ಟ್ರು ಇನ್ನೂ ಅಲ್ಲೇ ನಿಂತು ಜಗಿಯುತ್ತಿದ್ದಾರೆ, ಗಿಡ್ಡ ಇನ್ನೂ ಹೆಚ್ಚು ಹೊತ್ತು ಕೂತೇ ಇರುತ್ತಾನೆ. ಆ ಪ್ರಶ್ನೆಯನ್ನು ನಾನು ಎರಡನೆಯ ಸಲ ಕೇಳಿಲ್ಲ, ಅವರೂ ಇಂದಿನವರೆಗೆ ಹೇಳಿಲ್ಲ.

"ಚಿಕ್ಕಮ್ಮ, ಅವತ್ತು ಬಾಗಿಲಲ್ಲಿ ನಿಂತು ನೋಡ್ತಿದ್ರಲ್ಲ, ಕಾಳು ಎಸೆದಿದ್ದು ಯಾವ ಕೈಲಿ?"